ರಿವಾರ್ಡ್ ಪಾಯಿಂಟ್ಸ್ ಮತ್ತು ಅಪ್ಪನ ಪಿಗ್ಮಿ

ಕಳೆದ ಮಳೆಗಾಲದ ಒಂದು ಶನಿವಾರ ಉರ್ವದ ನಮ್ಮ ಮನೆಗೆ ಒಂದು ದೊಡ್ಡ ಪೆಟ್ಟಿಗೆ ಬಂತು. ಒಳಗೆ ನೀಲಿ ಬಣ್ಣದ ಟ್ರಾಲಿ ಬ್ಯಾಗ್. ಕ್ರೆಡಿಟ್ ಕಾರ್ಡಿನಲ್ಲಿ ಮೂರು ವರ್ಷದಿಂದ ಕೂಡಿದ್ದ 12,000 ಪಾಯಿಂಟ್ಸ್ ತಿಂಗಳ ಕೊನೆಗೆ ರದ್ದಾಗುತ್ತದೆ ಅಂತ ಮೆಸೇಜ್ ಬಂದಿತ್ತು. ಗಡಿಬಿಡಿಯಲ್ಲಿ ಕ್ಯಾಟಲಾಗ್ ತೆರೆದು ಕಣ್ಣಿಗೆ ಬಿದ್ದದ್ದನ್ನು ಒತ್ತಿಬಿಟ್ಟಿದ್ದೆ. ಮನೆಯಲ್ಲಿ ಆಗಲೇ ಎರಡು ಟ್ರಾಲಿ ಬ್ಯಾಗ್ ಇದ್ದವು.

ಅಮ್ಮ ಬ್ಯಾಗಿನ ಜಿಪ್ ಎಳೆದು ನೋಡಿ ಕೇಳಿದರು, "ಇದಕ್ಕೆ ಎಷ್ಟು ಕೊಟ್ಟೆ?"

"ಫ್ರೀ ಅಮ್ಮ. ಕಾರ್ಡಿನ ಪಾಯಿಂಟ್ಸ್‌ಗೆ ಸಿಕ್ಕಿದ್ದು."

"ಫ್ರೀ ಯಾರು ಕೊಡ್ತಾರೆ? ಬ್ಯಾಂಕಿನವರಿಗೆ ಅದ್ರಿಂದ ಎಂತ ಲಾಭ?"

ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಅಪ್ಪ ಅಲ್ಲಿಂದಲೇ ಕೇಳಿದರು, "ದುಡ್ಡಾಗಿ ಕೊಡುದಿಲ್ವಾ ಅವರು?"

"ಕೊಡ್ತಾರೆ. ಪಾಯಿಂಟ್‌ಗೆ 25 ಪೈಸೆ. 3,000 ರೂಪಾಯಿ ಸಿಗ್ತಿತ್ತು."

"ಹಾಗಾದ್ರೆ ಅದನ್ನು ಪಿಗ್ಮಿಗೆ ಹಾಕಿದ ಹಾಗೆ ಎಲ್ಲಿಯಾದ್ರೂ ಹಾಕ್ಬಹುದಿತ್ತಲ್ಲ ಮಗಾ. ನಿಂಗೆ ಪೆನ್ಶನ್ ಉಂಟಾ?"

ನಮ್ಮ ಮನೆಯಲ್ಲಿ ಮಾತು ತುಳುವಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಅಷ್ಟೇ. ಆ ಹೊತ್ತಿಗೆ ನಾನು ನಕ್ಕು ಸುಮ್ಮನಾದೆ. ಸಾಫ್ಟ್‌ವೇರ್ ಕೆಲಸದಲ್ಲಿ ಪೆನ್ಶನ್ ಯಾರು ಕೇಳ್ತಾರೆ? ಆದರೆ ರಾತ್ರಿ ಮಲಗಿದ ಮೇಲೆ ಆ ಪ್ರಶ್ನೆ ಬಿಡಲಿಲ್ಲ. ಎದ್ದು ಲ್ಯಾಪ್‌ಟಾಪ್ ತೆರೆದು ಒಂದು ಎಕ್ಸೆಲ್ ಶೀಟ್ ಶುರು ಮಾಡಿದೆ. ಈ ಬರಹ ಆ ಶೀಟಿನ ಕತೆ.

ಪೆನ್ಶನ್ ಇರುವುದು ಅಮ್ಮನಿಗೆ

ನನ್ನ ಅಮ್ಮ ಬೀಡಿ ಕಟ್ಟಿ ಮನೆ ನಡೆಸಿದವರು. ಉರ್ವ, ಬೋಳೂರು ಕಡೆಯ ಹಳಬರಿಗೆ ಇದೇನೂ ಹೊಸ ವಿಷಯ ಅಲ್ಲ. ಮಧ್ಯಾಹ್ನದ ಕೆಲಸ ಮುಗಿಸಿ ತಡ್ಪೆ ಮಡಿಲಲ್ಲಿಟ್ಟು ಕೂತರೆ ಸಂಜೆ ಬ್ರಾಂಚಿಗೆ ಬೀಡಿ ಕೊಡುವ ಹೊತ್ತಿನವರೆಗೆ ಅವರ ಬೆರಳು ನಿಲ್ಲುತ್ತಿರಲಿಲ್ಲ. ಬೀಡಿ ಉದ್ಯಮಕ್ಕೆ ಪ್ರಾವಿಡೆಂಟ್ ಫಂಡ್ ಕಾನೂನು ಅನ್ವಯವಾದದ್ದು 1977ರಲ್ಲಿ. ಹಾಗಾಗಿ ಮನೆಯ ಜಗಲಿಯಲ್ಲೇ ಕೂತು ಕೆಲಸ ಮಾಡಿದ ಅಮ್ಮನಿಗೂ ಪಿಎಫ್ ಇತ್ತು. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ 58 ತುಂಬಿದ ಮೇಲೆ ಪೆನ್ಶನ್ ಕೂಡ ಶುರುವಾಯಿತು. ತಿಂಗಳಿಗೆ ಸಾವಿರದ ನಾನೂರು ಚಿಲ್ಲರೆ. 2014ರ ಸೆಪ್ಟೆಂಬರಿನಿಂದ ಈ ಯೋಜನೆಯಲ್ಲಿ ಕನಿಷ್ಠ ಪೆನ್ಶನ್ 1,000 ರೂಪಾಯಿ. ಅಮ್ಮನದು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಅಷ್ಟೇ. ಅದರಲ್ಲಿ ಬಿಪಿ ಮಾತ್ರೆ ಮತ್ತು ಮೊಬೈಲ್ ರೀಚಾರ್ಜ್ ಆಗುತ್ತದೆ. ಆದರೂ ತಿಂಗಳಿಗೊಮ್ಮೆ ಬ್ಯಾಂಕಿನ ಮೆಸೇಜ್ ಬಂದಾಗ ಅಮ್ಮನ ಮುಖ ನೋಡಬೇಕು. "ನನ್ನ ದುಡ್ಡು ಬಂತು" ಅನ್ನುತ್ತಾರೆ.

ಇನ್ನು ನನ್ನ ಕತೆ ಕೇಳಿ. ನಾನು 2017ರಲ್ಲಿ ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದೆ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಪಿಎಫ್‌ಗೆ ಸೇರಿದವರ ಬೇಸಿಕ್ ಮತ್ತು ಡಿಎ 15,000 ರೂಪಾಯಿ ದಾಟಿದ್ದರೆ ಅವರಿಗೆ ಪಿಂಚಣಿ ಯೋಜನೆಯಲ್ಲಿ ಜಾಗ ಇಲ್ಲ ಅನ್ನುವ ನಿಯಮ ಆಗ ಇತ್ತು. ನನ್ನ ಬೇಸಿಕ್ ಸ್ವಲ್ಪದರಲ್ಲಿ ದಾಟಿತ್ತು. ಹಾಗಾಗಿ ನನ್ನ ಕಂಪನಿಯ ಪಾಲು ಪೂರ್ತಿ ಪಿಎಫ್‌ಗೆ ಹೋಗುತ್ತದೆ, ಪೆನ್ಶನ್ ಕಡೆಗೆ ಒಂದು ಪೈಸೆಯೂ ಹೋಗುವುದಿಲ್ಲ. ಬೀಡಿ ಕಟ್ಟಿದ ಅಮ್ಮನಿಗೆ ಪೆನ್ಶನ್ ಉಂಟು, ಎಂಜಿನಿಯರ್ ಮಗನಿಗೆ ಇಲ್ಲ. ಇದು ನನಗೆ ಗೊತ್ತಾದದ್ದು ಅಪ್ಪ ಕೇಳಿದ ಮೇಲೆ, ಪಿಎಫ್ ಪಾಸ್‌ಬುಕ್ ತೆರೆದು ನೋಡಿದಾಗ. ಅಲ್ಲಿ ಪೆನ್ಶನ್ ಅನ್ನುವ ಕಾಲಮ್ಮಿನಲ್ಲಿ ಉದ್ದಕ್ಕೂ ಸೊನ್ನೆ.

ನೀವೂ ನಿಮ್ಮ ಪಾಸ್‌ಬುಕ್ ಒಮ್ಮೆ ತೆರೆದು ಆ ಕಾಲಮ್ ನೋಡಿ. ಎರಡು ನಿಮಿಷದ ಕೆಲಸ.

ಪಾಯಿಂಟ್ಸ್ ಎಲ್ಲಿಂದ ಬರುತ್ತದೆ?

ಅಮ್ಮನ ಪ್ರಶ್ನೆಗೆ ಉತ್ತರ ಹುಡುಕಿದೆ. ಫ್ರೀ ಯಾರು ಕೊಡ್ತಾರೆ?

ನಾವು ಅಂಗಡಿಯಲ್ಲಿ ಕಾರ್ಡ್ ಉಜ್ಜಿದಾಗ ಅಂಗಡಿಯವರಿಗೆ ಪೂರ್ತಿ ದುಡ್ಡು ಹೋಗುವುದಿಲ್ಲ. ನೂರಕ್ಕೆ ಒಂದೆರಡು ರೂಪಾಯಿ ಬ್ಯಾಂಕುಗಳು ಮತ್ತು ಕಾರ್ಡ್ ಕಂಪನಿ ಹಂಚಿಕೊಳ್ಳುತ್ತವೆ. ಅದರಲ್ಲಿ ಒಂದು ಪಾಲು ನಮಗೆ ಪಾಯಿಂಟ್ಸ್ ಆಗಿ ವಾಪಸ್ ಬರುತ್ತದೆ. ಇದು ಒಂದು ಮೂಲ. ಇನ್ನೊಂದು ಮೂಲ, ಬಿಲ್ ಪೂರ್ತಿ ಕಟ್ಟದವರು ಕೊಡುವ ಬಡ್ಡಿ. ನನ್ನ ಟ್ರಾಲಿ ಬ್ಯಾಗಿನ ಚಕ್ರಕ್ಕೆ ಯಾರೋ ಒಬ್ಬರು ಬಡ್ಡಿ ಕಟ್ಟಿದ್ದಾರೆ ಅಂತ ಹೇಳಿದರೆ ತಪ್ಪಾಗಲಿಕ್ಕಿಲ್ಲ.

ಆ ಯಾರೋ ಒಬ್ಬರಲ್ಲಿ ನಾನೂ ಇದ್ದೆ. ಅದನ್ನು ಇಲ್ಲಿ ಹೇಳಿಯೇ ಮುಂದೆ ಹೋಗಬೇಕು.

ನಾನು ಮಾಡಿದ ತಪ್ಪಿನ ಲೆಕ್ಕ

ಎರಡು ವರ್ಷದ ಹಿಂದೆ ಅಪ್ಪನಿಗೆ ಹರ್ನಿಯಾ ಆಪರೇಶನ್ ಆಯಿತು. ಆಸ್ಪತ್ರೆಯ ಬಿಲ್ ಮತ್ತು ಮನೆಖರ್ಚು ಸೇರಿ ಆ ತಿಂಗಳ ಕಾರ್ಡ್ ಬಿಲ್ 60,000 ರೂಪಾಯಿ. ಅದೇ ತಿಂಗಳು ಸ್ಕೂಟರಿಗೆ ಡೌನ್‌ಪೇಮೆಂಟ್ ಕಟ್ಟಿ ಖಾತೆ ಖಾಲಿ ಮಾಡಿಕೊಂಡಿದ್ದೆ. ಆ್ಯಪ್‌ನಲ್ಲಿ ಎರಡು ಬಟನ್ ಕಾಣಿಸಿತು. ಒಂದರಲ್ಲಿ ಟೋಟಲ್ ಡ್ಯೂ 60,000, ಇನ್ನೊಂದರಲ್ಲಿ ಮಿನಿಮಮ್ ಡ್ಯೂ 3,000. ಎರಡನೆಯದನ್ನು ಒತ್ತಿದೆ. "ಪೇಮೆಂಟ್ ಸಕ್ಸೆಸ್‌ಫುಲ್" ಅಂತ ಹಸಿರು ಟಿಕ್ ಕೂಡ ಬಂತು. ಆ ಬ್ಯಾಂಕಿನ ಹೆಸರು ಇಲ್ಲಿ ಬೇಡ. ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ, ಸಣ್ಣ ಅಕ್ಷರದಲ್ಲಿ ಎಲ್ಲ ಬರೆದಿತ್ತು. ನಾನು ಓದಿರಲಿಲ್ಲ.

ಉಳಿದ 57,000ಕ್ಕೆ ತಿಂಗಳಿಗೆ ಶೇ. 3.5ರಂತೆ ಬಡ್ಡಿ 1,995 ರೂಪಾಯಿ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 359. ಒಟ್ಟು 2,354. ಒಂದು ತಿಂಗಳಿಗೆ! ಅದರ ಜೊತೆ ಇನ್ನೊಂದು ಪೆಟ್ಟು ಉಂಟು. ಹಳೆ ಬಾಕಿ ಇರುವಾಗ ಹೊಸ ಖರೀದಿಗೆ ಬಡ್ಡಿ ಇಲ್ಲದ ಅವಧಿ ಸಿಗುವುದಿಲ್ಲ. ಇವತ್ತು ತೆಗೆದ ಬಂಗುಡೆ ಮೀನಿಗೂ ಇವತ್ತಿನಿಂದಲೇ ಬಡ್ಡಿ.

ಮೂರು ತಿಂಗಳು ಎಳೆದಾಡಿ ಕಟ್ಟಿ ಮುಗಿಸುವಾಗ ಬಡ್ಡಿ ಮತ್ತು ತೆರಿಗೆಗೇ 7,000 ರೂಪಾಯಿಯಷ್ಟು ಹೋಗಿತ್ತು. ಈಗ ನನ್ನ ಕಾರ್ಡಿನಲ್ಲಿ ತಿಂಗಳಿಗೆ 40,000 ಖರ್ಚಿಗೆ ಶೇ. 1ರಂತೆ 400 ರೂಪಾಯಿ ಕ್ಯಾಶ್‌ಬ್ಯಾಕ್ ಬರುತ್ತದೆ, ವರ್ಷಕ್ಕೆ 4,800. ಅಂದರೆ ಆ ಮೂರು ತಿಂಗಳಲ್ಲಿ ಹೆಚ್ಚುಕಡಿಮೆ ಒಂದೂವರೆ ವರ್ಷದ ಕ್ಯಾಶ್‌ಬ್ಯಾಕ್‌ನಷ್ಟು ದುಡ್ಡು ಕೈಬಿಟ್ಟಿತು. ಅಪ್ಪನಿಗೆ ಇದನ್ನು ಇವತ್ತಿಗೂ ಹೇಳಿಲ್ಲ. ತನ್ನ ಆಪರೇಶನ್‌ನಿಂದ ಹೀಗಾಯಿತು ಅಂತ ಬೇಸರ ಮಾಡಿಕೊಳ್ಳುತ್ತಾರೆ. ಇದನ್ನು ಓದಿದರೆ ಗೊತ್ತಾಗುತ್ತದೆ. ತಪ್ಪು ಆಪರೇಶನ್‌ನದ್ದಲ್ಲ ಅಪ್ಪ, ಸ್ಕೂಟರಿನದ್ದೂ ಅಲ್ಲ. ಕೈಯಲ್ಲಿ ಆಪತ್ತಿನ ದುಡ್ಡು ಇಟ್ಟುಕೊಳ್ಳದೆ ಕಾರ್ಡನ್ನೇ ಆಪತ್ತಿನ ದುಡ್ಡು ಅಂದುಕೊಂಡದ್ದು ನನ್ನ ತಪ್ಪು.

ಹಾಗಾಗಿ ಮೊದಲ ಮಾತು: ಬಿಲ್ ಪೂರ್ತಿ ಕಟ್ಟಲು ಆಗದವರಿಗೆ ಪಾಯಿಂಟ್ಸ್ ಉಳಿತಾಯದ ಈ ಯೋಚನೆಯೇ ಬೇಡ. ಮೊದಲು ಬಾಕಿ ತೀರಿಸಿ. ವರ್ಷಕ್ಕೆ ಶೇ. 42ರಷ್ಟು ಬಡ್ಡಿ ಉಳಿಸುವುದಕ್ಕಿಂತ ಒಳ್ಳೆಯ ಹೂಡಿಕೆ ಯಾವ ಬ್ಯಾಂಕಿನಲ್ಲಿಯೂ ಇಲ್ಲ.

ಎರಡಾಣೆಯ ಊರು

ಅಪ್ಪ ಪಿಗ್ಮಿಯ ಮಾತು ತೆಗೆದದ್ದು ಸುಮ್ಮನೆ ಅಲ್ಲ. ಸಣ್ಣ ದುಡ್ಡನ್ನು ಕೂಡಿಸುವ ವಿದ್ಯೆ ನಮ್ಮ ಕರಾವಳಿಗೆ ಹಳೆಯದು. ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲವಾದ ಶಾಶ್ವತ ನಿಧಿಯನ್ನು ಶುರು ಮಾಡಿದ್ದು 1906ರಲ್ಲಿ. ಕರ್ನಾಟಕ ಬ್ಯಾಂಕ್ ಹುಟ್ಟಿದ್ದು 1924ರಲ್ಲಿ, ಇದೇ ಊರಿನಲ್ಲಿ. ಮರುವರ್ಷ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವರು ಸೇರಿ, ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಕಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1931ರಲ್ಲಿ ಎ.ಬಿ. ಶೆಟ್ಟಿಯವರ ವಿಜಯಾ ಬ್ಯಾಂಕ್.

ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದರು. ಬ್ಯಾಂಕಿಗೆ ನೀವು ಹೋಗಬೇಕಾಗಿಲ್ಲ, ಏಜೆಂಟರೇ ದಿನಾ ಮನೆಬಾಗಿಲಿಗೆ ಬಂದು ಎರಡಾಣೆಯನ್ನೂ ತೆಗೆದುಕೊಳ್ಳುತ್ತಿದ್ದರು. ಎರಡಾಣೆ ಅಂದರೆ ರೂಪಾಯಿಯ ಎಂಟನೇ ಒಂದು ಭಾಗ. ಅದರ ಜಾಣತನ ಇಷ್ಟೇ: ದುಡ್ಡು ಬೇರೆ ಖರ್ಚಿಗೆ ಹೋಗುವ ಮೊದಲೇ ಯಾರೋ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಪಿಗ್ಮಿ ಅನ್ನುವ ಪದ ನಮ್ಮ ಬಾಯಲ್ಲಿ ಉಳಿದಿದೆ, ಯಾವ ಬ್ಯಾಂಕಿನದ್ದಾದರೂ, ಸೊಸೈಟಿಯದ್ದಾದರೂ ದಿನದ ಉಳಿತಾಯಕ್ಕೆ ನಾವು ಪಿಗ್ಮಿ ಅಂತಲೇ ಹೇಳುವುದು.

ಈ ಕತೆಯಲ್ಲಿ ಇನ್ನೊಂದು ವಿಷಯ ಉಂಟು. ಊರಿನವರ ಮುಪ್ಪಿಗೆ ದುಡ್ಡು ಕೂಡಿಸಿಕೊಟ್ಟ ಆ ಏಜೆಂಟರ ಮುಪ್ಪಿಗೆ ಏನಿತ್ತು? ಅವರಿಗೆ ಸಿಗುತ್ತಿದ್ದದ್ದು ಕಮಿಷನ್. ಅವರು ಬ್ಯಾಂಕಿನ ಕೆಲಸಗಾರರೇ ಅಲ್ಲವೇ ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2001ರಲ್ಲಿ ಕೋರ್ಟು ಅವರು ಕೆಲಸಗಾರರೇ ಎಂದಿತು, ಗ್ರಾಚ್ಯುಟಿ ಕೊಡಬೇಕೆಂಬ ಟ್ರಿಬ್ಯೂನಲ್ ಆದೇಶವನ್ನು ಎತ್ತಿಹಿಡಿಯಿತು. ಬೇರೆಯವರ ಲೆಕ್ಕ ಬರೆಯುತ್ತಾ ನಮ್ಮ ಲೆಕ್ಕ ಬರೆಯದೆ ಉಳಿಯುವುದು ಸಾಫ್ಟ್‌ವೇರಿನವರಿಗೆ ಮಾತ್ರ ಆಗುವುದಲ್ಲ ಅಂತ ಅದನ್ನು ಓದಿದಾಗ ಅನಿಸಿತು.

ಅಪ್ಪನ ಪಿಗ್ಮಿ ಏನಾಯಿತು?

ಅಪ್ಪನಿಗೆ ಉರ್ವಸ್ಟೋರ್ ಹತ್ತಿರ ಗೂಡಂಗಡಿ ಇತ್ತು. ಬಾಳೆಹಣ್ಣು, ಬೀಡಿ, ಸೋಡಾ, ವಾರಪತ್ರಿಕೆ. ಸಂಜೆ ಹೊತ್ತಿಗೆ ಪಿಗ್ಮಿಯವರು ಸೈಕಲಿನಲ್ಲಿ ಬರುತ್ತಿದ್ದರು. ಅಪ್ಪ ಗಲ್ಲಾಪೆಟ್ಟಿಗೆಯಿಂದ 20 ರೂಪಾಯಿ ತೆಗೆದುಕೊಡುತ್ತಿದ್ದರು, ಅವರು ಕಾರ್ಡಿನಲ್ಲಿ ಬರೆದು ಸಹಿ ಹಾಕುತ್ತಿದ್ದರು. ವ್ಯಾಪಾರ ಇಲ್ಲದ ದಿನವೂ ಅಪ್ಪ ತಪ್ಪಿಸಿದ್ದು ನನಗೆ ನೆನಪಿಲ್ಲ. ತಿಂಗಳಿಗೆ 26 ದಿನ ಹಿಡಿದರೂ 520 ರೂಪಾಯಿ, ವರ್ಷಕ್ಕೆ 6,240.

ಆ ದುಡ್ಡನ್ನು ಯಾರೂ ಮುಟ್ಟದೆ 25 ವರ್ಷ ಶೇ. 8ರ ಬಡ್ಡಿಯಲ್ಲಿ ಬಿಟ್ಟಿದ್ದರೆ ಸುಮಾರು ನಾಲ್ಕೂವರೆ ಲಕ್ಷ ಆಗುತ್ತಿತ್ತು. ಆಗಲಿಲ್ಲ. ಪಿಗ್ಮಿ ಕೆಲವು ವರ್ಷಕ್ಕೆ ಮುಗಿಯುವ ಠೇವಣಿ. ಮುಗಿದಾಗಲೆಲ್ಲ ಮನೆಯಲ್ಲಿ ಒಂದು ಖರ್ಚು ಕಾಯುತ್ತಿತ್ತು. ಒಮ್ಮೆ ಹಂಚು ಬದಲಿಸಲು. 2013ರಲ್ಲಿ ನನ್ನ ಎಂಜಿನಿಯರಿಂಗ್ ಮೊದಲ ವರ್ಷದ ಫೀಸಿಗೆ, ಅದೂ ಅವಧಿಗೆ ಮೊದಲೇ ಮುರಿದು. 2016ರಲ್ಲಿ ಅಕ್ಕನ ಮದುವೆಗೆ. 2020ರ ಲಾಕ್‌ಡೌನ್‌ನಲ್ಲಿ ಗೂಡಂಗಡಿ ಮುಚ್ಚಿತು, ಮತ್ತೆ ತೆರೆಯಲಿಲ್ಲ. ಆ ಹೊತ್ತಿಗೆ ಪಿಗ್ಮಿಯಲ್ಲಿ ಇದ್ದದ್ದು 9,000 ಚಿಲ್ಲರೆ.

ಅಪ್ಪ ಮುರಿದದ್ದು ತಪ್ಪು ಅಂತ ನಾನು ಹೇಗೆ ಹೇಳಲಿ? ಮುರಿಯದಿದ್ದರೆ ನಾನು ಇವತ್ತು ಈ ಕೆಲಸದಲ್ಲಿ ಇರುತ್ತಿರಲಿಲ್ಲ. ಆದರೆ ಶೀಟಿನ ಮುಂದೆ ಕೂತಾಗ ಒಂದು ವಿಷಯ ಸ್ಪಷ್ಟವಾಯಿತು. ಸಣ್ಣ ದುಡ್ಡು ಕೂಡಿಸುವುದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಅವರಿಗೆ ಇಲ್ಲದೆ ಹೋದದ್ದು ಬೇರೆ ಎರಡು: ಆಪತ್ತಿಗೆ ಪ್ರತ್ಯೇಕ ದುಡ್ಡು, ಮತ್ತು ಸುಲಭಕ್ಕೆ ಮುರಿಯಲಾಗದ ಒಂದು ಪೆಟ್ಟಿಗೆ. ನನ್ನ 12,000 ಪಾಯಿಂಟ್ಸ್‌ಗೆ ಆದದ್ದೂ ಅದೇ. ಅಪ್ಪನ ಪಿಗ್ಮಿ ಒಂದು ಡಿಗ್ರಿಯಾದರೂ ಆಯಿತು. ನನ್ನದು ಮೂರನೇ ಟ್ರಾಲಿ ಬ್ಯಾಗ್ ಆಯಿತು.

400 ರೂಪಾಯಿಗೆ ಎಷ್ಟು ಬಲ?

ನಮ್ಮ ಪ್ರಾಜೆಕ್ಟಿನಲ್ಲಿ ಅಮೆರಿಕದ ಸಹೋದ್ಯೋಗಿಯೊಬ್ಬರಿದ್ದಾರೆ. ಅವರ ಕಾರ್ಡ್ ಫಿಡೆಲಿಟಿ ಹೂಡಿಕೆ ಕಂಪನಿಯದ್ದು. ಖರ್ಚಿನ ಶೇ. 2ರಷ್ಟು ರಿವಾರ್ಡ್ ಬರುತ್ತದೆ, ಅದನ್ನು ನೇರವಾಗಿ ಅದೇ ಕಂಪನಿಯಲ್ಲಿರುವ ನಿವೃತ್ತಿ ಖಾತೆಗೆ ಹೋಗುವಂತೆ ಮಾಡಿಕೊಳ್ಳಬಹುದು. ಕೈಗೆ ಬರುವುದೇ ಇಲ್ಲ, ಹಾಗಾಗಿ ಖರ್ಚೂ ಆಗುವುದಿಲ್ಲ. ನನ್ನ ಕಾರ್ಡಿನಲ್ಲಿ ಆ ಸೌಲಭ್ಯ ಇಲ್ಲ. ನಮ್ಮದು ನಾವೇ ಮಾಡಿಕೊಳ್ಳಬೇಕು.

ಅದಕ್ಕೆ ಮೊದಲು ಲೆಕ್ಕ ನೋಡೋಣ. ನನಗೀಗ 30. ತಿಂಗಳಿಗೆ 400, ವರ್ಷಕ್ಕೆ 4,800 ರೂಪಾಯಿಯನ್ನು ಪಿಪಿಎಫ್‌ನಲ್ಲಿ ಹಾಕುತ್ತಾ ಹೋದೆ ಅಂತಿಟ್ಟುಕೊಳ್ಳಿ. 2020ರ ಏಪ್ರಿಲ್‌ನಲ್ಲಿ ಅದರ ಬಡ್ಡಿ ಶೇ. 7.1ಕ್ಕೆ ಇಳಿಯಿತು, ಅದೇ ದರದಲ್ಲಿ 30 ವರ್ಷ ಲೆಕ್ಕ ಹಾಕಿದೆ. ನಾನು ಹಾಕಿದ್ದು 1.44 ಲಕ್ಷ, ಕೊನೆಗೆ ಆಗುವುದು ಸುಮಾರು 4.6 ಲಕ್ಷ.

ಖುಷಿಯಾಯಿತಾ? ನನಗೂ ಆಯಿತು, ಮುಂದಿನ ಕಾಲಮ್ ಬರೆಯುವವರೆಗೆ. ವರ್ಷಕ್ಕೆ ಶೇ. 6ರಷ್ಟು ಬೆಲೆ ಏರಿದರೆ 30 ವರ್ಷದ ನಂತರದ 4.6 ಲಕ್ಷಕ್ಕೆ ಇವತ್ತಿನ 80,000 ರೂಪಾಯಿಯ ಬೆಲೆ ಮಾತ್ರ. ಅಂದರೆ ನಮ್ಮ ಮನೆಯ ಎರಡು ತಿಂಗಳ ಖರ್ಚು. 30 ವರ್ಷ ಪಾಯಿಂಟ್ಸ್ ಕೂಡಿಸಿ ಎರಡು ತಿಂಗಳ ನಿವೃತ್ತಿ!

ಆದ್ದರಿಂದ "ಕ್ರೆಡಿಟ್ ಕಾರ್ಡ್ ರಿವಾರ್ಡ್‌ನಿಂದಲೇ ನಿವೃತ್ತಿ ಜೀವನ" ಅಂತ ಯಾರಾದರೂ ರೀಲ್ಸ್‌ನಲ್ಲಿ ಹೇಳಿದರೆ ಸ್ಕ್ರೋಲ್ ಮಾಡಿ ಮುಂದೆ ಹೋಗಿ. ನಿವೃತ್ತಿಯ ದೊಡ್ಡ ಭಾರ ಹೊರುವುದು ಬೇರೆಯೇ. ನನ್ನ ಬೇಸಿಕ್ 40,000. ನನ್ನ ಪಾಲು ಶೇ. 12, ಕಂಪನಿಯ ಪಾಲು ಶೇ. 12, ತಿಂಗಳಿಗೆ 9,600 ಪಿಎಫ್‌ಗೆ ಹೋಗುತ್ತದೆ. 2024-25ಕ್ಕೆ ಘೋಷಿಸಿದ ಶೇ. 8.25ರ ಬಡ್ಡಿಯೇ ಮುಂದುವರಿದರೆ, ಸಂಬಳ ಒಂದು ರೂಪಾಯಿಯೂ ಏರದಿದ್ದರೂ, 30 ವರ್ಷದಲ್ಲಿ ಸುಮಾರು 1.36 ಕೋಟಿ. ಇವತ್ತಿನ ಬೆಲೆಯಲ್ಲಿ ಅದು 24 ಲಕ್ಷದ ಹತ್ತಿರ. ಕೆಲಸ ಬದಲಿಸುವಾಗಲೆಲ್ಲ ಪಿಎಫ್ ತೆಗೆದು ಬೈಕ್ ಕೊಳ್ಳುವ ಗೆಳೆಯರು ನನಗಿದ್ದಾರೆ. ಎಷ್ಟು ಕಾರ್ಡ್ ಉಜ್ಜಿದರೂ ಆ ರಂಧ್ರ ಮುಚ್ಚುವುದಿಲ್ಲ. ಹಳೆ ಕಂಪನಿಯ ಪಿಎಫ್ ಹೊಸ ಕಂಪನಿಗೆ ವರ್ಗಾಯಿಸಿಕೊಳ್ಳಿ, ತೆಗೆಯಬೇಡಿ.

ಹಾಗಾದರೆ 400 ರೂಪಾಯಿ ಯಾಕೆ ಬೇಕು? ನನಗೆ ಅದು ಪಿಗ್ಮಿಯವರ ಸೈಕಲ್ ಬೆಲ್ಲಿನ ಹಾಗೆ. ತಿಂಗಳಿಗೊಮ್ಮೆ ಅದು ಬಂದಾಗ ಅದರ ಜೊತೆ ನನ್ನ ಸಂಬಳದಿಂದ 4,000 ಸೇರಿಸಿ ಕಳಿಸುತ್ತೇನೆ. 4,400ಕ್ಕೆ ಅದೇ 7.1ರ ಲೆಕ್ಕ ಹಾಕಿದರೆ 30 ವರ್ಷದಲ್ಲಿ 50 ಲಕ್ಷ ದಾಟುತ್ತದೆ. ಇವತ್ತಿನ ಬೆಲೆಯಲ್ಲಿ 8.8 ಲಕ್ಷ. ಪಿಎಫ್ ಜೊತೆ ಸೇರಿದರೆ ಒಂದು ಮೊತ್ತ ಅಂತ ಹೇಳಬಹುದು. ಸಂಬಳ ಏರಿದ ಹಾಗೆ ಈ 4,000ವನ್ನೂ ಏರಿಸಬೇಕು, ಇಲ್ಲದಿದ್ದರೆ ಸಾಕಾಗುವುದಿಲ್ಲ.

ನಾನು ಈಗ ಮಾಡುವ ಕ್ರಮ

ಇದು ನನ್ನ ಕ್ರಮ. ನಿಮ್ಮ ಅನುಕೂಲಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

ಮೊದಲನೆಯದು, ಆಟೋಪೇ. ಟೋಟಲ್ ಡ್ಯೂ ಪೂರ್ತಿ ಖಾತೆಯಿಂದ ತಾನೇ ಹೋಗುವಂತೆ ಇಟ್ಟಿದ್ದೇನೆ. ಆಟೋಪೇ ಹಾಕುವಾಗಲೂ ಟೋಟಲ್ ಮತ್ತು ಮಿನಿಮಮ್ ಅಂತ ಎರಡು ಆಯ್ಕೆ ಕೇಳುತ್ತದೆ, ನೋಡಿ ಒತ್ತಿ.

ಎರಡನೆಯದು, ಕ್ಯಾಟಲಾಗ್ ಬಿಟ್ಟೆ. ಪಾಯಿಂಟ್ಸ್ ಕಾರ್ಡ್ ಬದಲಿಸಿ ಕ್ಯಾಶ್‌ಬ್ಯಾಕ್ ಕಾರ್ಡ್ ತೆಗೆದುಕೊಂಡೆ. ನಿಮ್ಮಲ್ಲಿ ಪಾಯಿಂಟ್ಸ್ ಕಾರ್ಡೇ ಇದ್ದರೆ ಮೂರು ವಿಷಯ ನೋಡಿ: ಒಂದು ಪಾಯಿಂಟ್‌ಗೆ ನಗದಾಗಿ ಎಷ್ಟು ಪೈಸೆ, ಯಾವಾಗ ರದ್ದಾಗುತ್ತದೆ, ನಗದು ಮಾಡಿಕೊಳ್ಳಲು ಶುಲ್ಕ ಉಂಟಾ. ಪೆಟ್ರೋಲ್, ವ್ಯಾಲೆಟ್, ಬಾಡಿಗೆ, ವಿಮೆ ಇಂಥ ಖರ್ಚಿಗೆ ಎಷ್ಟೋ ಕಾರ್ಡುಗಳು ಪಾಯಿಂಟ್ಸ್ ಕೊಡುವುದಿಲ್ಲ ಅಥವಾ ಕಡಿಮೆ ಕೊಡುತ್ತವೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕ್ಯಾಶ್‌ಬ್ಯಾಕ್ ಬಿಲ್ಲಿನಲ್ಲಿ ಕಡಿತವಾಗಿ ಬರುತ್ತದೆ. 40,000 ಕಟ್ಟುವಲ್ಲಿ 39,600 ಕಟ್ಟುತ್ತೇವೆ. ಆ 400 ಉಳಿಯಿತು ಅನಿಸುತ್ತದೆ, ಆದರೆ ಅದು ಉಳಿತಾಯ ಖಾತೆಯಲ್ಲೇ ಇದ್ದರೆ ಶನಿವಾರದ ಐಸ್‌ಕ್ರೀಮಿಗೆ ಹೋಗುತ್ತದೆ. ಆದ್ದರಿಂದ ಅಷ್ಟೇ ಮೊತ್ತವನ್ನು ಕೈಯಾರೆ ಪಿಪಿಎಫ್‌ಗೆ ಕಳಿಸಬೇಕು. ಪಿಪಿಎಫ್‌ನಲ್ಲಿ ತಿಂಗಳ 5ನೇ ತಾರೀಕಿನ ಒಳಗೆ ಹಾಕಿದರೆ ಆ ತಿಂಗಳ ಬಡ್ಡಿಯೂ ಸಿಗುತ್ತದೆ, ಯಾಕೆಂದರೆ 5ರಿಂದ ತಿಂಗಳ ಕೊನೆಯವರೆಗಿನ ಕನಿಷ್ಠ ಮೊತ್ತಕ್ಕೆ ಬಡ್ಡಿ ಲೆಕ್ಕ. ನಾನು 4ನೇ ತಾರೀಕಿಗೆ ರಿಮೈಂಡರ್ ಇಟ್ಟಿದ್ದೇನೆ.

ನಾಲ್ಕನೆಯದು, ಬೀಗ. ಪಿಪಿಎಫ್‌ಗೆ ವರ್ಷಕ್ಕೆ ಕನಿಷ್ಠ 500 ರೂಪಾಯಿ ಹಾಕಿದರೆ ಸಾಕು, ಗರಿಷ್ಠ 1.5 ಲಕ್ಷ. ಅವಧಿ 15 ವರ್ಷ. ಆಮೇಲೆ ಐದೈದು ವರ್ಷ ಮುಂದುವರಿಸಬಹುದು. ಏಳನೇ ವರ್ಷದಿಂದ ಸ್ವಲ್ಪ ಭಾಗ ತೆಗೆಯಲು ಅವಕಾಶ ಉಂಟು, ಆದರೆ ಪಿಗ್ಮಿಯಷ್ಟು ಸುಲಭ ಅಲ್ಲ. ಇನ್ನೂ ಗಟ್ಟಿ ಬೀಗ ಬೇಕಾದವರಿಗೆ ಎನ್‌ಪಿಎಸ್ ಟಿಯರ್ 1 ಉಂಟು. ಅದು 2009ರ ಮೇ 1ರಿಂದ ಎಲ್ಲ ನಾಗರಿಕರಿಗೂ ತೆರೆದಿದೆ. ಕೊನೆಗೆ ಅದರ ಒಂದು ಪಾಲಿನಿಂದ ಪೆನ್ಶನ್ ಕೊಡುವ ಆ್ಯನ್ಯುಟಿ ಕೊಳ್ಳಬೇಕು. ಎಷ್ಟು ಪಾಲು ಎಂಬ ನಿಯಮ ಬದಲಾಗುತ್ತಾ ಬಂದಿದೆ, ಸೇರುವಾಗ ನೋಡಿಕೊಳ್ಳಿ. ಅದು ಮಾರುಕಟ್ಟೆಯ ಜೊತೆ ಏರಿಳಿಯುತ್ತದೆ ಅನ್ನುವುದೂ ನೆನಪಿರಲಿ.

ಐದನೆಯದು, ಕಾರ್ಡಿನಿಂದ ಹೂಡಿಕೆ ಮಾಡುವ ಚಾಲಾಕಿತನ ಬೇಡ. ಎನ್‌ಪಿಎಸ್ ಟಿಯರ್ 2ಕ್ಕೆ ಕ್ರೆಡಿಟ್ ಕಾರ್ಡಿನಿಂದ ಹಣ ಹಾಕಿ ಪಾಯಿಂಟ್ಸ್ ಗಳಿಸುವವರು ಇದ್ದರು. 2022ರ ಆಗಸ್ಟ್‌ನಲ್ಲಿ ಪಿಂಚಣಿ ನಿಧಿ ಪ್ರಾಧಿಕಾರ ಆ ದಾರಿಯನ್ನು ಮುಚ್ಚಿತು. ಮ್ಯೂಚುವಲ್ ಫಂಡಿನ ಎಸ್‌ಐಪಿಗೂ ದುಡ್ಡು ನಮ್ಮ ಬ್ಯಾಂಕ್ ಖಾತೆಯಿಂದಲೇ ಹೋಗಬೇಕು. ಸಾಲದ ದುಡ್ಡಿನಲ್ಲಿ ಮುಪ್ಪಿನ ದುಡ್ಡು ಕೂಡಿಸಲಿಕ್ಕೆ ಆಗುವುದಿಲ್ಲ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆಯುವುದಂತೂ ಬೇಡವೇ ಬೇಡ, ಅದಕ್ಕೆ ಮೊದಲ ದಿನದಿಂದಲೇ ಬಡ್ಡಿ, ಮೇಲೆ ಶುಲ್ಕ.

ಆರನೆಯದು, ವಾರ್ಷಿಕ ಶುಲ್ಕ. ನನ್ನ ಕಾರ್ಡಿಗೆ ವರ್ಷಕ್ಕೆ 1,000 ಮತ್ತು ಜಿಎಸ್‌ಟಿ, ಒಟ್ಟು 1,180. ವರ್ಷಕ್ಕೆ 2 ಲಕ್ಷ ಖರ್ಚು ಮಾಡಿದರೆ ಮಾಫಿ. ನಮ್ಮ ಮನೆಖರ್ಚಿಗೇ ಅದು ದಾಟುತ್ತದೆ, ಹಾಗಾಗಿ ಸರಿ. ದಾಟದವರು ಶುಲ್ಕ ಉಳಿಸಲು ಬೇಡದ್ದನ್ನು ಕೊಳ್ಳುವುದಕ್ಕಿಂತ ಶುಲ್ಕ ಇಲ್ಲದ ಕಾರ್ಡ್ ತೆಗೆದುಕೊಳ್ಳುವುದು ಒಳ್ಳೆಯದು. ಒಂದು ರೂಪಾಯಿ ಕ್ಯಾಶ್‌ಬ್ಯಾಕಿಗೆ ನೂರು ರೂಪಾಯಿ ಖರ್ಚಾಗಿರುತ್ತದೆ ಅನ್ನುವುದನ್ನು ಮರೆಯಬೇಡಿ.

ಕೊನೆಯದು, ಆಪತ್ತಿನ ದುಡ್ಡು. ಮೂರು ತಿಂಗಳ ಖರ್ಚು ಪ್ರತ್ಯೇಕ ಎಫ್‌ಡಿಯಲ್ಲಿ ಇಟ್ಟಿದ್ದೇನೆ, ಆರು ತಿಂಗಳಿಗೆ ಏರಿಸುವ ಪ್ರಯತ್ನದಲ್ಲಿದ್ದೇನೆ. ಇದು ಇಲ್ಲದೆ ಹೋದರೆ ಮುಂದಿನ ಆಪರೇಶನ್‌ಗೆ ಮತ್ತೆ ಮಿನಿಮಮ್ ಡ್ಯೂ ಒತ್ತಬೇಕಾಗುತ್ತದೆ, ಇಲ್ಲವೇ ಅಪ್ಪನ ಹಾಗೆ ಮುರಿಯಬೇಕಾಗುತ್ತದೆ.

4ನೇ ತಾರೀಕು

ಈಗ ಹತ್ತು ತಿಂಗಳಾಯಿತು. ಪಿಪಿಎಫ್ ಪಾಸ್‌ಬುಕ್ಕಿನಲ್ಲಿ 44,000 ಉಂಟು, ಅದರಲ್ಲಿ ಕಾರ್ಡಿನಿಂದ ಬಂದದ್ದು 4,000. ಆ್ಯಪ್‌ನಲ್ಲೇ ಎಲ್ಲ ಕಾಣುತ್ತದೆ, ಆದರೂ ಅಪ್ಪನ ಒತ್ತಾಯಕ್ಕೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಮಾಡಿಸಿದ್ದೇನೆ. ಮೂರು ತಿಂಗಳಿಗೊಮ್ಮೆ ಅಪ್ಪನೇ ನಡೆದುಕೊಂಡು ಹೋಗಿ ಎಂಟ್ರಿ ಹಾಕಿಸಿಕೊಂಡು ಬರುತ್ತಾರೆ. ಮೊಣಗಂಟು ನೋಯುತ್ತದೆ, ರಿಕ್ಷಾದಲ್ಲಿ ಹೋಗಿ ಅಂದರೆ ಕೇಳುವುದಿಲ್ಲ.

ಅಮ್ಮನ ಪೆನ್ಶನ್ ಹಣದಲ್ಲಿ ಮನೆಗೆ ಏನಾದರೂ ತಂದಾಗ ಅಮ್ಮ ಬಿಲ್ ಕೊಡಲು ಬಿಡುವುದಿಲ್ಲ. ಕಳೆದ ವಾರ ಉರ್ವ ಮಾರ್ಕೆಟಿನಿಂದ ಮೀನು ತಂದಾಗ ನಾನು ಫೋನ್ ತೆಗೆದು ಸ್ಕ್ಯಾನ್ ಮಾಡಲು ಹೊರಟೆ. "ಬೇಡ, ಇವತ್ತು ನನ್ನ ದುಡ್ಡು" ಅಂದರು. ನನಗೆ ಬೇಕಾದದ್ದು ಅದೇ. 60 ದಾಟಿದ ಮೇಲೆ ಒಂದು ದಿನ ಮಾರ್ಕೆಟಿನಲ್ಲಿ ನಿಂತು, ಮಕ್ಕಳ ಕೈ ತಡೆದು, ಅದೇ ಮಾತು ಹೇಳಲಿಕ್ಕೆ ಆಗಬೇಕು.

ಟ್ರಾಲಿ ಬ್ಯಾಗ್ ಅಟ್ಟದಲ್ಲಿ ಉಂಟು. ಇನ್ನೂ ಒಂದು ಸಲವೂ ಬಳಸಿಲ್ಲ. ಪ್ರತಿ ತಿಂಗಳ 4ನೇ ತಾರೀಕು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳುತ್ತಾರೆ, "ಇವತ್ತು ಪಿಗ್ಮಿಗೆ ಹಾಕಿದ್ಯಾ?"

ಪಿಪಿಎಫ್ ಅಂತ ತಿದ್ದುವುದನ್ನು ನಾನು ಬಿಟ್ಟಿದ್ದೇನೆ. "ಹಾಕಿದೆ ಅಪ್ಪ" ಅನ್ನುತ್ತೇನೆ.